ತೊಟ್ಟಿ ಮಗುಚಿದರೆ ಬಿಲ್ ಆಗೋದಿಲ್ಲ

ನಮ್ಮ ಮನೆ ಪಕ್ಕ ಒಂದು ಖಾಲಿ ಸೈಟ್ ಇದೆ. ಅದರಲ್ಲಿ ಒಂದು ಹಳೇ ಪ್ಲಾಸ್ಟಿಕ್ ತೊಟ್ಟಿ. ಇಟ್ಟಿಗೆ ನೆನೆಸೋಕೆ ಅಂತ ತಂದಿಟ್ಟಿದ್ದು. ಅಷ್ಟರಲ್ಲಿ ಅಣ್ಣತಮ್ಮಂದಿರ ಪಾಲಿನ ಜಗಳ ಕೋರ್ಟಿಗೆ ಹೋಯಿತು, ಮನೆ ಏಳಲಿಲ್ಲ. ತೊಟ್ಟಿಯಲ್ಲಿ ಮಾತ್ರ ಎರಡು ಮಳೆಗಾಲದಿಂದ ಸೊಳ್ಳೆಗಳ ತುಂಬು ಸಂಸಾರ ನಡೆಯುತ್ತಿದೆ.

ನೀವೇ ಹೋಗಿ ಮಗುಚಬಹುದಿತ್ತಲ್ಲ ಅಂತೀರಾ? ಬೇಲಿ ಇದೆ ಸ್ವಾಮಿ. ಬೇಲಿಗೆ ಬೋರ್ಡಿದೆ. ‘ಈ ಸ್ವತ್ತು ನ್ಯಾಯಾಲಯದಲ್ಲಿದೆ. ಅತಿಕ್ರಮ ಪ್ರವೇಶ ಮಾಡಿದವರ ಮೇಲೆ ಕ್ರಮ.’ ನನಗೆ ಓದೋಕೆ ಬರುತ್ತದೆ. ಸೊಳ್ಳೆಗೆ ಬರೋದಿಲ್ಲ, ಅದರ ಪುಣ್ಯ.

ಹಾಗಾಗಿ ನಗರಸಭೆಗೆ ಫೋನ್ ಮಾಡಿದೆ. (ಯಾವ ಊರಿನದು ಅಂತ ಹೇಳೋದಿಲ್ಲ. ನಾನು ಇನ್ನೂ ಅಲ್ಲೇ ಕಂದಾಯ ಕಟ್ಟಬೇಕು.) ಆ ಕಡೆಯವರು ತುಂಬಾ ಸಮಾಧಾನದಿಂದ ಕೇಳಿದರು.

‘ಸೊಳ್ಳೆ ಹಾರ್ತಾ ಇದೆಯಾ ಸಾರ್, ಇಲ್ಲಾ ನೀರಲ್ಲಿದೆಯಾ?’

‘ಎರಡೂ.’

‘ಹಾರೋದು ನಮ್ದು. ನೀರಲ್ಲಿರೋದು ಆರೋಗ್ಯ ಇಲಾಖೆದು. ಅಲ್ಲಿ ಕೇಳಿ.’

ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿದೆ. ಅವರೂ ಒಳ್ಳೆಯವರೇ. ‘ಮರಿ ಇದೆಯಾ ಅಂತ ನೋಡಿ ಬರ್ಕೊಳ್ಳೋದು ನಮ್ಮ ಕೆಲಸ ಸಾರ್. ನೀರು ಚೆಲ್ಲಿಸೋಕೆ ನಗರಸಭೆಗೆ ಪತ್ರ ಹಾಕ್ತೀವಿ.’

ಇದು ತಮಾಷೆ ಅಂತ ನಾನೂ ಮೊದಲು ಅಂದುಕೊಂಡೆ. ಆಮೇಲೆ ಗೊತ್ತಾಯಿತು, ವ್ಯವಸ್ಥೆ ಇರೋದೇ ಹೀಗೆ. ಲಾರ್ವಾ ಸಮೀಕ್ಷೆ ಆರೋಗ್ಯ ಇಲಾಖೆಯದ್ದು. ಚರಂಡಿ, ಕಸ, ಸೊಳ್ಳೆಗೆ ಹಾಕುವ ಹೊಗೆ ನಗರಸಭೆಯದ್ದು. ನಗರಸಭೆ ಇನ್ನೊಂದು ಇಲಾಖೆಯ ಕೆಳಗೆ ಬರುತ್ತದೆ. ಅದು ಹೊಗೆಯನ್ನು ಗುತ್ತಿಗೆದಾರನಿಗೆ ಕೊಡುತ್ತದೆ. ಗುತ್ತಿಗೆದಾರ ದಿನಗೂಲಿ ಹುಡುಗನಿಗೆ ಕೊಡುತ್ತಾನೆ. ವಿಧಾನಸೌಧದಿಂದ ಹೊರಟ ಸಾರ್ವಜನಿಕ ಆರೋಗ್ಯ ನಮ್ಮ ಬೀದಿ ಮುಟ್ಟುವ ಹೊತ್ತಿಗೆ ಒಬ್ಬ ಹುಡುಗ, ಒಂದು ಮಿಷನ್, ಮೂಗಿಗೆ ಕಟ್ಟಿದ ಒಂದು ಕರ್ಚೀಫು ಆಗಿರುತ್ತದೆ.

ಸೊಳ್ಳೆಯ ಲೆಕ್ಕ ಇದಕ್ಕಿಂತ ಸುಲಭ. ಮೊಟ್ಟೆಯಿಂದ ಹಾರುವವರೆಗೆ ಏಳರಿಂದ ಹತ್ತು ದಿನ. ಟೆಂಡರ್ ಕರೆದು, ತೆರೆದು, ದರ ಜಾಸ್ತಿಯಾಯಿತು ಅಂತ ಮತ್ತೆ ಕರೆದು, ಕಾರ್ಯಾದೇಶ ಕೊಡುವಷ್ಟರಲ್ಲಿ ಆ ತೊಟ್ಟಿಯಲ್ಲಿ ಮರಿಮೊಮ್ಮಕ್ಕಳ ನಾಮಕರಣ ಮುಗಿದಿರುತ್ತದೆ. ನೀರು ಬತ್ತಿದರೂ ಚಿಂತೆಯಿಲ್ಲ. ಡೆಂಗಿ ಹರಡುವ ಈಡಿಸ್ ಸೊಳ್ಳೆಯ ಮೊಟ್ಟೆ ತೊಟ್ಟಿಯ ಗೋಡೆಗೆ ಅಂಟಿಕೊಂಡು ತಿಂಗಳುಗಟ್ಟಲೆ ಸುಮ್ನೆ ಬಿದ್ದಿರುತ್ತದೆ, ಥೇಟ್ ಫೈಲಿನ ಹಾಗೆ. ಫೈಲಿಗಿಂತ ಒಂದು ಗುಣ ಮಾತ್ರ ಜಾಸ್ತಿ. ಒಂದು ಮಳೆ ಬಿದ್ದರೆ ಸಾಕು, ಕದಲುತ್ತದೆ.

ಹಾರುವ ದೂರವೂ ಹೆಚ್ಚಿಲ್ಲ. ಹುಟ್ಟಿದ ಜಾಗದಿಂದ ನಾನೂರು ಮೀಟರ್ ದಾಟೋದು ಅಪರೂಪ. ನಮ್ಮ ಬೀದಿಯಲ್ಲಿ ಅಷ್ಟರೊಳಗೆ ಒಂದು ಲೋಕೋಪಯೋಗಿ ಚರಂಡಿ, ಒಂದು ಒಳಚರಂಡಿ ಚೇಂಬರ್, ನಗರಸಭೆಯ ಪಾರ್ಕು, ಕೋರ್ಟಿನಲ್ಲಿರುವ ಸೈಟು ಸಿಗುತ್ತವೆ. ಯಾರ ಸಹಿಯೂ ಇಲ್ಲದೆ ಇಷ್ಟೂ ಗಡಿ ದಾಟಿ ಬರೋದು ಸೊಳ್ಳೆ ಒಂದೇ.

ಇನ್ನು ಹೊಗೆ. ಡೆಂಗಿ ಸೊಳ್ಳೆ ಕಚ್ಚೋದು ಹಗಲಲ್ಲಿ, ಅದರಲ್ಲೂ ಬೆಳಿಗ್ಗೆ ಮತ್ತು ಸಂಜೆ ಕತ್ತಲಾಗುವ ಮುಂಚೆ. ನಮ್ಮ ಮಿಷನ್ ಬರೋದು ರಾತ್ರಿ ಎಂಟಕ್ಕೆ. ಹೊಗೆಗೆ ಸಾಯೋದು ಹಾರುವ ಸೊಳ್ಳೆ ಮಾತ್ರ, ನೀರಲ್ಲಿರುವ ಮರಿಗೆ ಏನೂ ಆಗೋದಿಲ್ಲ. ಇದು ಇಲಾಖೆಗೆ ಗೊತ್ತಿಲ್ಲ ಅಂದುಕೊಳ್ಳಬೇಡಿ. ಅವರೇ ಹಂಚುವ ಕರಪತ್ರದಲ್ಲಿ ‘ನಿಂತ ನೀರು ಚೆಲ್ಲಿ’ ಅಂತ ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿದ್ದಾರೆ. ಆದರೆ ಹೊಗೆಗೆ ಲೆಕ್ಕ ಬರೆಯಬಹುದು. ಎಷ್ಟು ಲೀಟರ್ ಡೀಸೆಲ್, ಎಷ್ಟು ಔಷಧಿ, ಎಷ್ಟು ಬೀದಿ. ಫೋಟೊ ಕೂಡ ಚೆನ್ನಾಗಿ ಬರುತ್ತದೆ. ತೊಟ್ಟಿ ಮಗುಚಿದ್ದಕ್ಕೆ ಎಂ.ಬಿ. ಬುಕ್ಕಿನಲ್ಲಿ, ಅಂದರೆ ಬಿಲ್‌ಗೆ ಕೆಲಸದ ಅಳತೆ ಬರೆಯುವ ಪುಸ್ತಕದಲ್ಲಿ, ಏನಂತ ಬರೀತೀರಿ? ‘ನೀರು ಚೆಲ್ಲಿದ್ದು, ಒಂದು ಸಲ’ ಅಂತಲಾ? ಯಾವ ಗುತ್ತಿಗೆದಾರ ಬದುಕ್ತಾನೆ ಅದರಲ್ಲಿ?

ತೊಟ್ಟಿ ಮಗುಚದ ಈ ಕಾಯಿಲೆ ಹಳೆಯದು. ಸೊಳ್ಳೆಯಲ್ಲಿ ಮಲೇರಿಯಾ ಜಾಡು ಹಿಡಿದು ಮುಂದೆ ನೊಬೆಲ್ ಪಡೆದ ರೊನಾಲ್ಡ್ ರಾಸ್, ಅದಕ್ಕೂ ಮುಂಚೆ, 1883ರಲ್ಲಿ ಬೆಂಗಳೂರಿನ ದಂಡಿನಲ್ಲಿ ವೈದ್ಯನಾಗಿದ್ದ. ಬಂಗಲೆಯಲ್ಲಿ ಸೊಳ್ಳೆ ಕಾಟ. ಕಿಟಕಿಯಾಚೆ ಒಂದು ನೀರಿನ ತೊಟ್ಟಿ, ತುಂಬಾ ಮರಿ. ಮಗುಚಿದ. ಕಾಟ ಕಡಿಮೆಯಾಯಿತು. ಕುಣಿಯುತ್ತಾ ಹೋಗಿ ಮೇಲಿನ ಅಧಿಕಾರಿಗೆ, ಮೆಸ್ಸಿನ ತೊಟ್ಟಿಗಳನ್ನೂ ಮಗುಚಿಸೋಣ ಅಂದ. ಆ ಪುಣ್ಯಾತ್ಮ ಒಪ್ಪಲಿಲ್ಲ. ಸೃಷ್ಟಿಯಲ್ಲಿ ಸೊಳ್ಳೆಗೂ ಏನೋ ಕೆಲಸ ಇರುತ್ತದೆ, ಸಹಿಸಿಕೊಳ್ಳೋದು ನಮ್ಮ ಧರ್ಮ ಅಂದನಂತೆ. ರಾಸ್ ಸಂಶೋಧನೆಯ ಮಾತು ಹಾಗಿರಲಿ, ಆ ಅಧಿಕಾರಿಯ ಪರಂಪರೆಯನ್ನು ಮಾತ್ರ ನಾವು ಜೋಪಾನವಾಗಿ ಉಳಿಸಿಕೊಂಡು ಬಂದಿದ್ದೇವೆ. ಈಗಿನವರು ಸೃಷ್ಟಿ ಅನ್ನೋದಿಲ್ಲ, ‘ನಮ್ಮ ವ್ಯಾಪ್ತಿಗೆ ಬರೋದಿಲ್ಲ’ ಅಂತಾರೆ, ಅಷ್ಟೇ.

2024ರಲ್ಲಿ ಡೆಂಗಿ ಜೋರಾದಾಗ ರಾಜ್ಯ ಸರ್ಕಾರ ಅದನ್ನು ಸಾಂಕ್ರಾಮಿಕ ಅಂತ ಸಾರಿ ದಂಡವನ್ನೂ ಗೊತ್ತುಮಾಡಿತು. ಸೊಳ್ಳೆಗೆ ಜಾಗ ಕೊಟ್ಟರೆ ಪಟ್ಟಣದ ಮನೆಗೆ 400 ರೂಪಾಯಿ, ಹಳ್ಳಿಯ ಮನೆಗೆ 200. ಅಂಗಡಿ, ಕಚೇರಿಗಳಿಗೆ ಪಟ್ಟಣದಲ್ಲಿ 1,000. ಪಟ್ಟಣದ ಖಾಲಿ ಸೈಟು, ಕಟ್ಟಡ ಕಾಮಗಾರಿ ಜಾಗಕ್ಕೆ 2,000. ಓದಿ ಸಂತೋಷವಾಯಿತು. ಪಕ್ಕದ ಸೈಟಿಗೆ ದಂಡ ಹಾಕಿ ಅಂತ ಮತ್ತೆ ಹೋದೆ. ‘ಅಣ್ಣನಿಗೆ ಹಾಕೋದಾ, ತಮ್ಮನಿಗೆ ಹಾಕೋದಾ, ಕೋರ್ಟು ತೀರ್ಮಾನ ಮಾಡಲಿ ಸಾರ್’ ಅಂದರು.

ಬರುವ ದಾರಿಯಲ್ಲಿ ಪೊಲೀಸ್ ಠಾಣೆ. ಮುಂದೆ ಜಪ್ತಿ ಮಾಡಿದ ಆಟೊ, ಬೈಕು, ಕಾರುಗಳ ಸಾಲು. ಒಂದೊಂದು ಟೈರಿನಲ್ಲೂ ಒಂದೊಂದು ಪುಟ್ಟ ಕೆರೆ. ಕಚೇರಿಗೆ ದಂಡ 1,000 ತಾನೆ? ರಸೀದಿ ಹಿಡಿದು ಆ ಮೆಟ್ಟಿಲು ಹತ್ತುವ ಗಂಡಸನ್ನು ನಾನಿನ್ನೂ ನೋಡಿಲ್ಲ.

ಮೊನ್ನೆ ಸಂಜೆ ಕೊನೆಗೂ ಸಮೀಕ್ಷೆಗೆ ಆಶಾ ಕಾರ್ಯಕರ್ತೆ ಬಂದರು. ಇಡೀ ಸರಪಳಿಯಲ್ಲಿ ನಿಜವಾಗಿ ನೀರಿಗೆ ಇಣುಕುವವರು ಇವರೊಬ್ಬರೇ. ಇವರಿಗೆ ಸಿಗೋದು ಗೌರವಧನ. ಗೌರವ ಮೊದಲು ಬರುತ್ತದೆ, ಧನ ಆಮೇಲೆ. ನಾನು ಉತ್ಸಾಹದಿಂದ ಪಕ್ಕದ ತೊಟ್ಟಿ ತೋರಿಸಿದೆ.

‘ಅದು ಬೀಗ ಹಾಕಿದ ಜಾಗ ಅಣ್ಣ, ನನ್ನ ಫಾರಂನಲ್ಲಿ ಬರಲ್ಲ. ನಿಮ್ಮ ಫ್ರಿಜ್ ಸ್ವಲ್ಪ ಮುಂದಕ್ಕೆ ಎಳೀತೀರಾ?’

ಎಳೆದೆ. ಹಿಂದೆ ಕೆಳಗಡೆ ಒಂದು ತಟ್ಟೆ ಇದೆ ಅನ್ನೋದೇ ನನಗೆ ಹದಿಮೂರು ವರ್ಷದಲ್ಲಿ ಗೊತ್ತಿರಲಿಲ್ಲ. ಅಕ್ಕ ಟಾರ್ಚ್ ಬಿಟ್ಟರು. ನಮ್ಮದೇ ಮನೆಯ ಮರಿಗಳು ಬೆಳಕಿಗೆ ಹೆದರಿ ತಳಕ್ಕೆ ಜಾರಿದವು. ಅವರು ಏನೂ ಅನ್ನಲಿಲ್ಲ. ಫಾರಂ ತೆಗೆದು ಒಂದು ಟಿಕ್ ಹಾಕಿದರು.

ಅಷ್ಟರಲ್ಲಿ ಬೀದಿಯ ತುದಿಯಲ್ಲಿ ಮಿಷನ್ ಸದ್ದು. ಅವತ್ತು ಯಾಕೋ ಬೇಗ ಬಂದಿತ್ತು. ಅಕ್ಕ ಸೆರಗನ್ನು ಮೂಗಿಗೆ ಹಿಡಿದು, ‘ಕಿಟಕಿ ಬಾಗಿಲು ಎಲ್ಲಾ ಹಾಕ್ಕೊಳ್ಳಿ ಅಣ್ಣ, ಹೊಗೆ ಒಳಗೆ ಬರುತ್ತೆ’ ಅಂದರು. ಓಡಿಹೋಗಿ ಎಲ್ಲಾ ಭದ್ರವಾಗಿ ಮುಚ್ಚಿದೆ. ಒಳಗೆ ನಾನು, ಅಕ್ಕ, ಸೊಳ್ಳೆಗಳು. ಹೊಗೆ ಹೋಗುವವರೆಗೆ ಕಾದು ಕೂತೆವು.