ಹತ್ತು ಅಂದರೆ ಹತ್ತು!

ಮ್ಯಾಕ್ಸಿಕ್ಯಾಬಿನ ಬಾಗಿಲ ಪಕ್ಕ 'ಆಸನ 10+1' ಅಂತ ಬರೆದಿರುತ್ತದೆ. ಒಳಗೆ ಎಣಿಸಿದರೆ ಹದಿನೆಂಟು ತಲೆ. ಕ್ಲೀನರ್ ಹುಡುಗ ಬಾಗಿಲಿಗೆ ನೇತಾಡಿಕೊಂಡು 'ಹತ್ತಿ ಹತ್ತಿ, ಜಾಗ ಇದೆ' ಅಂತ ಇನ್ನೂ ಕೂಗುತ್ತಲೇ ಇರುತ್ತಾನೆ. ಅಮೆರಿಕದಲ್ಲಿ ಇದೇ ವ್ಯವಸ್ಥೆಗೆ 'ಬಿಗ್ ಟೆನ್' ಅನ್ನುತ್ತಾರೆ.

ಅಲ್ಲಿನ ವಿಶ್ವವಿದ್ಯಾಲಯಗಳು ತಮ್ಮ ತಮ್ಮಲ್ಲಿ ಆಟ ಆಡಿಕೊಳ್ಳಲು ಗುಂಪು ಕಟ್ಟಿಕೊಂಡಿವೆ. ಆ ಗುಂಪಿಗೆ ಕಾನ್ಫರೆನ್ಸ್ ಅಂತ ಹೆಸರು. ಅವುಗಳಲ್ಲಿ ಹಳೆಯದು, ಸಿರಿವಂತ ಮನೆತನದ್ದು ಈ ಬಿಗ್ ಟೆನ್. ಅಂದರೆ 'ದೊಡ್ಡ ಹತ್ತು'. ಸದ್ಯ ಅದರಲ್ಲಿ 18 ವಿಶ್ವವಿದ್ಯಾಲಯಗಳಿವೆ. ಇಷ್ಟು ಓದಿದವರಿಗೆ ಎಣಿಸೋಕೆ ಬರಲ್ವಾ ಅಂತ ಬಹಳ ದಿನ ತಲೆ ಕೆರೆದುಕೊಂಡೆ. ಆಮೇಲೆ ಹೊಳೆಯಿತು. ಅದು ಸಂಖ್ಯೆ ಅಲ್ಲ, ಕ್ರಿಯಾಪದ. ಹತ್ತು ಮರಿ, ಹತ್ತು.

ಈ ವಿಷಯ ನನ್ನ ತಲೆಗೆ ಹೊಕ್ಕಿದ್ದು ಅಕ್ಕನ ಮಗನಿಂದ. ಎಂ.ಎಸ್. ಮಾಡಲು ಅಲ್ಲಿಗೆ ಹೋಗಿ ಎರಡು ವರ್ಷ ಆಯಿತು. ಓದು ಹೇಗಿದೆಯಪ್ಪಾ ಅಂದರೆ 'ನಡೀತಿದೆ ಮಾಮ' ಅಂತ ಮುಗಿಸುತ್ತಾನೆ. ಕಾನ್ಫರೆನ್ಸ್ ಅಂದರೆ ಮುಗೀತು, ಒಂದು ಗಂಟೆ ಫೋನ್ ಇಡುವುದಿಲ್ಲ. ಮುಂದೆ ಯಾವ ಕಾಲೇಜನ್ನು ಸೇರಿಸಿಕೊಳ್ಳಬೇಕು, ಯಾವುದು ಯೋಗ್ಯ, ಯಾವುದರ ಮನೆತನ ಸರಿ ಇಲ್ಲ, ಎಲ್ಲ ಅವನಿಗೆ ಬಾಯಿಪಾಠ. ಹುಡುಗಿ ನೋಡೋ ವಯಸ್ಸಲ್ಲಿ ಕಾಲೇಜು ನೋಡ್ತಿದ್ದಾನಲ್ಲೋ ಅಂತ ಅಕ್ಕನಿಗೆ ಚಿಂತೆ.

ಶುರುವಾದಾಗ ಎಲ್ಲ ಮಾನವಂತರೇ. 1896ರಲ್ಲಿ ಶಿಕಾಗೊ ಕಡೆಯ ಏಳು ವಿಶ್ವವಿದ್ಯಾಲಯಗಳು ಸೇರಿ, ಆಟಕ್ಕೂ ಓದಿಗೂ ಒಂದು ನೀತಿ ನಿಯಮ ಇರಲಿ ಅಂತ ಕಟ್ಟಿದ್ದು. ಆ ಏಳರಲ್ಲಿ ಶಿಕಾಗೊ ವಿಶ್ವವಿದ್ಯಾಲಯವೂ ಒಂದು. ಅದು 1939ರಲ್ಲಿ ಫುಟ್‌ಬಾಲೇ (ನಮ್ಮದಲ್ಲ, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕದ ಫುಟ್‌ಬಾಲು) ಬೇಡ ಅಂತ ತಂಡವನ್ನು ಮುಚ್ಚಿ, 1946ರಲ್ಲಿ ಗಾಡಿಯಿಂದಲೂ ಇಳಿದುಬಿಟ್ಟಿತು. ಇಳಿದ ಮೇಲೆ ನೊಬೆಲ್ ಮೇಲೆ ನೊಬೆಲ್ ಬಂತು. ಟಿವಿ ದುಡ್ಡು ಮಾತ್ರ ಬರಲಿಲ್ಲ, ಪಾಪ.

1990ರಲ್ಲಿ ಪೆನ್ ಸ್ಟೇಟ್‌ಗೆ ಸೀಟು ಕೊಟ್ಟಾಗ ಸಂಖ್ಯೆ ಹನ್ನೊಂದಾಯಿತು. ಆಗ ಇನ್ನೂ ಸ್ವಲ್ಪ ನಾಚಿಕೆ ಇತ್ತು. ಹೆಸರು ಬದಲಿಸಲಿಲ್ಲ, ಲಾಂಛನದ ಅಕ್ಷರಗಳ ಸಂದಿಯಲ್ಲಿ 11 ಅಂತ ಕಾಣುವ ಹಾಗೆ ಬರೆಸಿಕೊಂಡರು. ಟಿಕೆಟ್ ಇಲ್ಲದ ಮಗುವನ್ನು ಸೀರೆ ಸೆರಗಲ್ಲಿ ಮುಚ್ಚಿಕೊಂಡು ಕೂರುತ್ತಾರಲ್ಲ, ಹಾಗೆ. 2011ರಲ್ಲಿ ನೆಬ್ರಾಸ್ಕ ಬಂದು ಹನ್ನೆರಡಾದಾಗ ಎರಡು ಪಂಗಡ ಮಾಡಿದರು. ಒಂದರ ಹೆಸರು 'ದಂತಕಥೆಗಳು', ಇನ್ನೊಂದರದ್ದು 'ನಾಯಕರು'. ನಾನು ಸೇರಿಸಿ ಹೇಳುತ್ತಿಲ್ಲ, ನಿಜವಾಗಿ ಇದೇ ಹೆಸರು. ಯಾರು ದಂತಕಥೆ, ಯಾರು ನಾಯಕ ಅಂತ ನೆನಪಿಟ್ಟುಕೊಳ್ಳುವಷ್ಟರಲ್ಲಿ, 2014ಕ್ಕೆ, ಸುಮ್ನೆ ಪೂರ್ವ, ಪಶ್ಚಿಮ ಅಂತ ಮಾಡಿಬಿಟ್ಟರು.

ಇದೇ ಹೊತ್ತಿನಲ್ಲಿ ಪಕ್ಕದ ಬೀದಿಯಲ್ಲಿ 'ಬಿಗ್ ಟ್ವೆಲ್ವ್' ಅಂತ ಇನ್ನೊಂದು ಗಾಡಿ ಓಡುತ್ತಿತ್ತು. ಅದರಲ್ಲಿ ಇದ್ದದ್ದು ಹತ್ತು. ಅಂದರೆ ಹತ್ತರಲ್ಲಿ ಹನ್ನೆರಡು, ಹನ್ನೆರಡರಲ್ಲಿ ಹತ್ತು. ಒಂದು ಸ್ಕ್ರೂಡ್ರೈವರ್ ತಂದು ಬೋರ್ಡು ಅದಲು ಬದಲು ಮಾಡಿಕೊಂಡಿದ್ದರೆ ಇಬ್ಬರ ಮಾನವೂ ಉಳಿಯುತ್ತಿತ್ತು. ಮಾಡಲಿಲ್ಲ. ಹೆಸರಿಗೂ ಮಾರ್ಕೆಟ್ ಇದೆ ಮಾಮ ಅಂತ ನಮ್ಮ ಹುಡುಗ ವಿವರಿಸಿದ.

ಅಲ್ಲಿ ಮಾರ್ಕೆಟ್ ಅಂದರೆ ಟಿವಿ. 2014ರಲ್ಲಿ ಬಿಗ್ ಟೆನ್‌ಗೆ ನ್ಯೂಜೆರ್ಸಿಯ ರಟ್ಗರ್ಸ್ ಸೇರಿತು. ಕಾಲೇಜು ಫುಟ್‌ಬಾಲಿನ ಮೊಟ್ಟಮೊದಲ ಪಂದ್ಯ ಆಡಿದ ಊರು ಅದು, 1869ರಲ್ಲಿ, ಪ್ರಿನ್ಸ್‌ಟನ್ ಎದುರು. ಅದಕ್ಕೇ ಗೌರವ ಕೊಟ್ಟು ಕರೆದರು ಅಂದುಕೊಂಡರೆ ನೀವು ನನ್ನಷ್ಟೇ ದಡ್ಡರು. ಬಿಗ್ ಟೆನ್‌ಗೆ 2007ರಿಂದ ಸ್ವಂತ ಟಿವಿ ಚಾನೆಲ್ ಇದೆ. ಒಕ್ಕೂಟದ ಕಾಲೇಜು ಇರುವ ರಾಜ್ಯದಲ್ಲಿ ಆ ಚಾನೆಲ್‌ಗೆ ಕೇಬಲ್‌ನವರಿಂದ ಜಾಸ್ತಿ ದುಡ್ಡು ಸಿಗುತ್ತಿತ್ತು. ಕೇಬಲ್‌ನವರು ಅದನ್ನು ಮನೆಮನೆಯ ಬಿಲ್ಲಿಗೆ ಸೇರಿಸುತ್ತಿದ್ದರು. ನ್ಯೂಜೆರ್ಸಿ ಅಂದರೆ ನ್ಯೂಯಾರ್ಕಿನ ಹಿತ್ತಿಲು. ಲಕ್ಷಗಟ್ಟಲೆ ಮನೆ. ಆಟ ನೋಡಲಿ ಬಿಡಲಿ, ಸೀರಿಯಲ್ ನೋಡುವ ಅಜ್ಜಿಯೂ ತಿಂಗಳು ತಿಂಗಳು ಕಪ್ಪ ಕಟ್ಟಬೇಕು. ಹಾಗೆ ರಟ್ಗರ್ಸ್ ಸೇರಿದ್ದು ಕಾಲ್ಬಲದಿಂದ ಅಲ್ಲ, ಕೇಬಲ್ ಬಲದಿಂದ. ಆಮೇಲೆ ಜನ ಕೇಬಲ್ ಕಿತ್ತು ಹಾಕಿ ಮೊಬೈಲಲ್ಲಿ ನೋಡತೊಡಗಿದರು. ಕೇಬಲ್ ಹೋಯಿತು, ರಟ್ಗರ್ಸ್ ಉಳಿಯಿತು.

ಈಗ ಒಂದು ಸ್ನೇಹದ ಕಥೆ. 2021ರ ಆಗಸ್ಟಿನಲ್ಲಿ ಬಿಗ್ ಟೆನ್, ಅಟ್ಲಾಂಟಿಕ್ ಕೋಸ್ಟ್, ಪ್ಯಾಕ್-12 (ಪ್ಯಾಕ್ ಅಂದರೆ ಪೆಸಿಫಿಕ್, ಪಶ್ಚಿಮ ಕರಾವಳಿ ಕಡೆಯವರು) ಎಂಬ ಮೂರು ಒಕ್ಕೂಟಗಳು ಸೇರಿ 'ಮೈತ್ರಿ' ಘೋಷಿಸಿದವು. ಕಾಗದ ಪತ್ರ ಎಲ್ಲಿ ಅಂತ ಪತ್ರಕರ್ತರು ಕೇಳಿದರು. ಕಾಗದ ಇಲ್ಲ, ನಂಬಿಕೆ ಇದೆ ಅಂದರು. ಪಾಲು ಪಟ್ಟಿ ಆಗದ ಅಣ್ಣತಮ್ಮಂದಿರ ಬಾಯಲ್ಲಿ ಈ ಮಾತು ಕೇಳಿದವರು ನಾವು, ಮುಂದಿನದು ಗೊತ್ತೇ ಇದೆ. ಹತ್ತೇ ತಿಂಗಳು. 2022ರ ಜೂನ್ 30ಕ್ಕೆ ಪ್ಯಾಕ್-12ರ ಎರಡು ಕಣ್ಣಿನಂತಿದ್ದ ಲಾಸ್ ಏಂಜಲೀಸಿನ ಯುಎಸ್‌ಸಿ, ಯುಸಿಎಲ್ಎ ಎರಡನ್ನೂ ಬಿಗ್ ಟೆನ್ ಎತ್ತಿಕೊಂಡು ಹೋಯಿತು. ಆಗಸ್ಟಿನಲ್ಲಿ ಫಾಕ್ಸ್, ಸಿಬಿಎಸ್, ಎನ್‌ಬಿಸಿ ಟಿವಿಯವರ ಜೊತೆ ಏಳು ವರ್ಷದ ಒಪ್ಪಂದ, 700 ಕೋಟಿ ಡಾಲರಿಗೂ ಮೇಲೆ ಅಂತ ಸುದ್ದಿ. ಇದಕ್ಕೆ ಮಾತ್ರ ಕಾಗದ ಇತ್ತು.

ಮರುವರ್ಷ ಆಗಸ್ಟ್ 4ರಂದು ಒಂದೇ ದಿನ ಐದು ಕಾಲೇಜುಗಳು ಪ್ಯಾಕ್-12 ಬಿಟ್ಟವು. 1915ರಿಂದ ನಡೆದು ಬಂದ ಮನೆತನ, ಸಂಜೆಗೆ ನಾಲ್ಕು ಜನ ಉಳಿದರು. ಅದರಲ್ಲಿ ಸ್ಟ್ಯಾನ್‌ಫರ್ಡ್ ಮತ್ತು ಬರ್ಕ್‌ಲಿ ಹೋಗಿ ಸೇರಿದ್ದೆಲ್ಲಿ ಗೊತ್ತಾ? ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸ್‌ಗೆ. ಬರ್ಕ್‌ಲಿಯ ಗುಡ್ಡದ ಮೇಲೆ ನಿಂತರೆ ಗೋಲ್ಡನ್ ಗೇಟ್ ಸೇತುವೆ ಕಾಣುತ್ತದೆ, ಅದರಾಚೆ ಪೆಸಿಫಿಕ್ ಸಾಗರ. ಅಟ್ಲಾಂಟಿಕ್ ಇರುವುದು ದೇಶದ ಇನ್ನೊಂದು ಕೊನೆಯಲ್ಲಿ. ಮಲ್ಪೆಯವರು ಪೂರ್ವ ಕರಾವಳಿ ಮೀನುಗಾರರ ಸಂಘಕ್ಕೆ ಚಂದಾ ಕಟ್ಟಿದ ಹಾಗೆ. ಜೊತೆಗೆ ಡಲ್ಲಾಸಿನ ಎಸ್‌ಎಂಯು ಕೂಡ ಸೇರಿತು. ಡಲ್ಲಾಸಿಗೆ ಯಾವ ಕಡಲೂ ಹತ್ತಿರ ಇಲ್ಲ.

ಸೇರಿದ ಕರಾರು ಕೇಳಿ. ಸ್ಟ್ಯಾನ್‌ಫರ್ಡ್, ಬರ್ಕ್‌ಲಿಗೆ ಮೊದಲ ಏಳು ವರ್ಷ ಟಿವಿ ದುಡ್ಡಿನಲ್ಲಿ ಪೂರ್ತಿ ಪಾಲಿಲ್ಲ, ಶೇ. 30 ಮಾತ್ರ. ಎಸ್‌ಎಂಯು ಇನ್ನೂ ಉದಾರಿ. ಒಂಬತ್ತು ವರ್ಷ ಅದರಲ್ಲಿ ನಮಗೆ ಒಂದು ಪೈಸೆಯೂ ಬೇಡ, ಸೀಟು ಕೊಟ್ಟರೆ ಸಾಕು ಅಂತು. ಫುಟ್‌ಬೋರ್ಡ್ ಮೇಲೆ ನಿಂತವನೇ ಎಲ್ಲರಿಗಿಂತ ಜಾಸ್ತಿ ಟಿಕೆಟ್ ಕೊಟ್ಟ ಲೆಕ್ಕ.

ಬರ್ಕ್‌ಲಿ ಮತ್ತು ಯುಸಿಎಲ್ಎ ಎರಡೂ ಒಂದೇ ವಿಶ್ವವಿದ್ಯಾಲಯ ಸಂಸ್ಥೆಯ ಮಕ್ಕಳು. ಬರ್ಕ್‌ಲಿ ಅಣ್ಣ, ಯುಸಿಎಲ್ಎ ತಮ್ಮ. ತಮ್ಮ ಬಿಗ್ ಟೆನ್‌ಗೆ ಹೋಗಿ ಸಿರಿವಂತನಾದ, ಅಣ್ಣ ಬಡವಾದ. ಪಂಚಾಯಿತಿ ಕೂತಿತು. 2024ರಲ್ಲಿ ತೀರ್ಮಾನವಾಯಿತು: ತಮ್ಮ ಅಣ್ಣನಿಗೆ ಆರು ವರ್ಷ, ವರ್ಷಕ್ಕೆ 1 ಕೋಟಿ ಡಾಲರ್ ಕೊಡಬೇಕು. ಅಲ್ಲಿಯವರು ಇದನ್ನು ಜೀವನಾಂಶ ಅಂತಲೇ ತಮಾಷೆ ಮಾಡುತ್ತಾರೆ.

ಇನ್ನು ನೋಟರ್ ಡೇಮ್ ಅಂತ ಒಂದು ವಿಶ್ವವಿದ್ಯಾಲಯ. ಫುಟ್‌ಬಾಲಿನಲ್ಲಿ ಯಾರ ಹಂಗೂ ಇಲ್ಲ, ಸ್ವಂತ ಟಿವಿ ಒಪ್ಪಂದ. ಬಾಸ್ಕೆಟ್‌ಬಾಲಿಗೆ ಅಟ್ಲಾಂಟಿಕ್ ಕೋಸ್ಟ್. ಐಸ್ ಹಾಕಿಗೆ ಬಿಗ್ ಟೆನ್. ತಿಂಡಿ ಒಂದು ಮನೆ, ಊಟ ಇನ್ನೊಂದು ಮನೆ, ಮಲಗೋದು ಸ್ವಂತ ಮನೆ. ಇಂಥ ಅಳಿಯನಿಗೇ ಎಲ್ಲ ಕಡೆಯಿಂದಲೂ ಕರೆ.

ಪ್ಯಾಕ್-12ರಲ್ಲಿ ಕೊನೆಗೆ ಉಳಿದದ್ದು ಎರಡು: ಒರೆಗಾನ್ ಸ್ಟೇಟ್, ವಾಷಿಂಗ್ಟನ್ ಸ್ಟೇಟ್. ಕೋರ್ಟಿಗೆ ಹೋಗಿ ಮನೆಯ ಬೀಗದ ಕೈ, ದುಡ್ಡು, ಹೆಸರು ಎಲ್ಲ ನಮ್ಮದೇ ಅಂತ ಗೆದ್ದುಕೊಂಡವು. ಆಡೋಕೆ ಮಾತ್ರ ಜನ ಇಲ್ಲ. 2025ರಲ್ಲಿ ಒಂದೇ ಋತುವಿನಲ್ಲಿ ತಮ್ಮ ತಮ್ಮಲ್ಲೇ ಎರಡು ಸಲ ಆಡಿ, ತಲಾ ಒಂದು ಗೆದ್ದು ಮನೆಗೆ ಹೋದವು. ನಗಬಾರದು, ಆದರೂ ಇವರಿಬ್ಬರ ಮೇಲೆ ನನಗೆ ಒಂದು ಥರಾ ಪ್ರೀತಿ. ಈಗ ಅವರೂ 'ಹತ್ತಿ ಹತ್ತಿ' ಶುರುಮಾಡಿದ್ದಾರೆ. ಹೊಸಬರ ಪಟ್ಟಿಯಲ್ಲಿ ನೀಲಿ ಹುಲ್ಲಿನ ಮೈದಾನ ಇರುವ ಬಾಯ್ಸಿ ಸ್ಟೇಟ್ ಇದೆ, ಪೆಸಿಫಿಕ್ಕನ್ನು ಕಂಡೇ ಇರದ ಟೆಕ್ಸಸ್ ಸ್ಟೇಟ್ ಇದೆ, ಫುಟ್‌ಬಾಲ್ ತಂಡವೇ ಇಲ್ಲದ ಗೊಂಜಾಗ ಇದೆ. ಎಲ್ಲ ಕೂಡಿದರೆ ಒಂಬತ್ತು. ಬೋರ್ಡಿನಲ್ಲಿ ಈಗಲೂ ಹನ್ನೆರಡೇ.

ಫುಟ್‌ಬಾಲ್ ತಂಡದವರಿಗೆ ಇದರಿಂದ ಅಂಥಾ ಕಷ್ಟ ಇಲ್ಲ. ವಾರಕ್ಕೊಂದು ಪಂದ್ಯ, ಅದಕ್ಕೆ ಪ್ರತ್ಯೇಕ ವಿಮಾನ. ಒದ್ದಾಡುವವರು ವಾಲಿಬಾಲ್, ಸಾಫ್ಟ್‌ಬಾಲ್ ಆಡುವ ಮಕ್ಕಳು. ಅವರ ಆಟದಿಂದ ಟಿವಿಗೆ ಬರುವುದು ಅಷ್ಟರಲ್ಲೇ ಇದೆ, ಆದರೂ ಫುಟ್‌ಬಾಲ್ ಹೋದ ಕಡೆ ಅವರೂ ಹೋಗಬೇಕು. ಲಾಸ್ ಏಂಜಲೀಸಿನಿಂದ ನ್ಯೂಜೆರ್ಸಿಗೆ ಸುಮಾರು 3,900 ಕಿ.ಮೀ. ನಮ್ಮ ಕನ್ಯಾಕುಮಾರಿಯಿಂದ ಶ್ರೀನಗರಕ್ಕೆ ಹಾರಿದರೂ ಇನ್ನೂ ಸಾವಿರ ಕಿ.ಮೀ. ಬಾಕಿ ಉಳಿಯುತ್ತದೆ. ನಾವು ಕಾಲೇಜು ತಂಡದಲ್ಲಿದ್ದಾಗ ಕೆಂಪು ಬಸ್ಸಿನಲ್ಲಿ ಪಕ್ಕದ ತಾಲ್ಲೂಕಿಗೆ ಹೋಗಿ, ಸೋತು, ಬೋಂಡ ತಿಂದು, ಕತ್ತಲಾಗುವುದರೊಳಗೆ ಮನೆ ಸೇರುತ್ತಿದ್ದೆವು.

ನಮ್ಮ ಹುಡುಗ ಅಲ್ಲಿ ಚಿಕ್ಕ ಕ್ಲಾಸಿನ ಮಕ್ಕಳ ಉತ್ತರ ಪತ್ರಿಕೆ ತಿದ್ದುತ್ತಾನೆ. ವಾಲಿಬಾಲ್ ಆಡುವ ಒಬ್ಬಳು ಉತ್ತರ ಬರೆದು, ಮೊಬೈಲಲ್ಲಿ ಫೋಟೊ ತೆಗೆದು ವಿಮಾನ ನಿಲ್ದಾಣದಿಂದ ಕಳಿಸಿದ್ದಳಂತೆ. ಫೋಟೊದ ಒಂದು ಮೂಲೆಯಲ್ಲಿ ಬೋರ್ಡಿಂಗ್ ಪಾಸ್, ಇನ್ನೊಂದು ಮೂಲೆಯಲ್ಲಿ ಅರ್ಧ ತಿಂದ ಮೊಸರಿನ ಡಬ್ಬಿ. ಕೆಳಗೆ ಮೊಣಕಾಲಿನ ಪಟ್ಟಿ. ಪ್ರಶ್ನೆ ವೇಗ, ಕಾಲ, ದೂರದ್ದು.

'ಪೂರ್ತಿ ಮಾರ್ಕ್ಸ್ ಕೊಟ್ಟೆ ಮಾಮ. ಅನುಭವಸ್ಥೆ' ಅಂದ.

ಅದೇ ಉಸಿರಿನಲ್ಲಿ ಮತ್ತೆ ಹಳೇ ರಾಗ. ಮುಂದೆ ಯಾರನ್ನು ಹತ್ತಿಸಬೇಕು ನೀವೇ ಹೇಳಿ ಅಂತ ದುಂಬಾಲು ಬಿದ್ದ. ನನಗೂ ರೇಗಿತು. ನಮ್ಮೂರ ಪ್ರಥಮ ದರ್ಜೆ ಕಾಲೇಜನ್ನೇ ಸೇರಿಸಿಕೊಳ್ಳಿ ಅಂದೆ. ವಾಲಿಬಾಲ್ ಕಂಬ ಎರಡಿವೆ. ನೆಟ್ಟು ಪಿ.ಟಿ. ಮಾಸ್ಟರ ಬೀರುವಿನಲ್ಲಿದೆ. ಬೀರುವಿನ ಬೀಗದ ಕೈ ಅವರ ಇನ್ನೊಂದು ಪ್ಯಾಂಟಿನ ಜೇಬಿನಲ್ಲಿದೆ. ಸಮುದ್ರ ಬೇಕಾದರೆ ಎರಡು ಕಡೆಯೂ ಸಮಾನ ದೂರ, ಯಾವ ಕೋಸ್ಟಿಗಾದರೂ ಸೇರಿಸಿ.

ನಗುತ್ತಾನೆ ಅಂದುಕೊಂಡೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ.

'ಮಾಮ, ನಿಮ್ಮ ತಾಲ್ಲೂಕಲ್ಲಿ ಟಿವಿ ಇರೋ ಮನೆ ಎಷ್ಟಿರಬಹುದು?'

'ಯಾಕಪ್ಪಾ?'

'ಅಲ್ಲ, ಟೈಮ್ ಚೆನ್ನಾಗಿ ಹೊಂದುತ್ತೆ. ನೀವಲ್ಲಿ ಬೆಳಗ್ಗೆ ಆರೂವರೆಗೆ ಆಡಿಸಿದರೆ ನ್ಯೂಯಾರ್ಕಲ್ಲಿ ರಾತ್ರಿ ಒಂಬತ್ತು. ಕರೆಕ್ಟಾಗಿ ಪ್ರೈಮ್ ಟೈಮ್!'

ಪಿ.ಟಿ. ಮಾಸ್ಟರಿಗೆ ಒಂದು ಫೋನ್ ಮಾಡಿ, ಆ ಪ್ಯಾಂಟು ಒಗೆಯೋಕೆ ಹಾಕಿಲ್ಲ ತಾನೇ ಅಂತ ಕೇಳಬೇಕು.