ಭಿಶಿಯ ಲೆಕ್ಕವನ್ನು ಯಾರು ಬರೆಯಬೇಕು?

ಹೊಸ ಉದ್ಯಮಕ್ಕೆ ದುಡ್ಡು ಎಲ್ಲಿಂದ ಬರುತ್ತದೆ? ಧಾರವಾಡದಲ್ಲಿ ಪಾಠ ಮಾಡುತ್ತಾ ಹದಿನಾರು ವರ್ಷದಿಂದ ಇದೊಂದನ್ನೇ ಓದುತ್ತಿದ್ದೇನೆ. ಮೊನ್ನೆ ನನ್ನ ಪಿಎಚ್‌ಡಿ ವಿದ್ಯಾರ್ಥಿನಿ ಬಂದು, "ಸರ್, ವೆಂಚರ್ ಕ್ಯಾಪಿಟಲ್ ಮ್ಯಾಲೇ ಮಾಡ್ತೀನ್ರೀ. ಡೇಟಾ ರೆಡಿ ಐತಿ, ಪೇಪರೂ ಲಗೂನ ಆಗ್ತಾವು" ಅಂದಳು. ಪೇಪರ್ ಎಣಿಸಿ ಬಡ್ತಿ ಕೊಡುವ ಕಡೆ ಅವಳು ಹಾಗೆ ಯೋಚಿಸಿದ್ದು ತಪ್ಪಲ್ಲ. ನನಗೆ ಮಾತ್ರ ತುಂಬಾ ಬೇಜಾರಾಯಿತು. ವೆಂಚರ್ ಕ್ಯಾಪಿಟಲ್ ಅಂದರೆ ಹೊಸ ಕಂಪನಿಗಳಲ್ಲಿ ಪಾಲು ತಗೊಂಡು ಹೂಡಿಕೆದಾರರು ಹಾಕುವ ದುಡ್ಡು. ನಮ್ಮ ಓಣಿಯ ಸಣ್ಣ ಉದ್ಯಮಕ್ಕೆ ದುಡ್ಡು ಬರುವ ದಾರಿಯೇ ಬೇರೆ.

ಹಳೇ ಹುಬ್ಬಳ್ಳಿಯಲ್ಲಿ ಖಡಕ್ ರೊಟ್ಟಿ ಮಾಡಿ ಮಾರುವ ಅಕ್ಕ ಒಬ್ಬರಿದ್ದಾರೆ. ರೊಟ್ಟಿ ಮಷಿನ್ ತಗೊಳ್ಳಲು ಸಾಲ ಕೇಳಿದರೆ ಬ್ಯಾಂಕಿನಲ್ಲಿ ಮೂರು ವರ್ಷದ ಇನ್‌ಕಮ್ ಟ್ಯಾಕ್ಸ್ ರಿಟರ್ನ್ಸ್ ಕೇಳಿದರು. ಕೊನೆಗೆ ಓಣಿಯ ಭಿಶಿ, ಅಂದರೆ ಚೀಟಿ, ಎತ್ತಿದರು. ಇಪ್ಪತ್ತು ಜನ, ತಿಂಗಳಿಗೆ ತಲಾ 5,000, ಒಟ್ಟು ಒಂದು ಲಕ್ಷ. ಪ್ರತಿ ತಿಂಗಳ ಲಿಲಾವಿನಲ್ಲಿ (ಹರಾಜಿನಲ್ಲಿ) ಹೆಚ್ಚು ಬಿಟ್ಟುಕೊಡುವವರಿಗೆ ಆ ತಿಂಗಳ ದುಡ್ಡು. ಮೂರನೇ ತಿಂಗಳು ಅಕ್ಕ 20,000 ಬಿಟ್ಟು 80,000 ತಗೊಂಡರು. ಬಿಟ್ಟ ದುಡ್ಡು ಎಲ್ಲರಿಗೂ ಸಾವಿರದಂತೆ ಹಂಚಿಕೆಯಾಯಿತು. ದುಬಾರಿಯೇ. "ಆದ್ರ ಅಲ್ಲಿ ನನ್ನ ಮಾರಿ ನೋಡಿ ರೊಕ್ಕ ಕೊಟ್ರ್ರೀ ಸರ್" ಅಂದರು.

1981ರಲ್ಲಿ ಅರ್ಥಶಾಸ್ತ್ರಜ್ಞರಾದ ಜೋಸೆಫ್ ಸ್ಟಿಗ್ಲಿಟ್ಜ್ ಮತ್ತು ಆಂಡ್ರ್ಯೂ ವೈಸ್ ಬರೆದ ಪೇಪರಿನ ತಿರುಳು ಇದೇ ಅಲ್ವಾ? ಸಾಲ ಕೇಳುವವರಲ್ಲಿ ಯಾರು ಗಟ್ಟಿ, ಯಾರು ಜೊಳ್ಳು ಅಂತ ಬ್ಯಾಂಕಿಗೆ ತಿಳಿಯುವುದಿಲ್ಲ. ಬಡ್ಡಿ ಏರಿಸಿದರೆ ಜಾಗ್ರತೆಯವರು ಹಿಂದೆ ಸರಿಯುತ್ತಾರೆ, ಮುಳುಗಿದರೂ ಸೈ ಅನ್ನುವವರು ಉಳಿಯುತ್ತಾರೆ. ಹಾಗಾಗಿ ಬ್ಯಾಂಕು ಬಡ್ಡಿ ಏರಿಸುವ ಬದಲು ಕೆಲವರಿಗೆ ಸಾಲವೇ ಇಲ್ಲ ಅನ್ನುತ್ತದೆ. ಓಣಿಯ ಆ ಹತ್ತೊಂಬತ್ತು ಮಂದಿಗೋ, ಅಕ್ಕನ ಒಲೆ ಬೆಳಗ್ಗೆ ಎಷ್ಟೊತ್ತಿಗೆ ಹೊತ್ತುತ್ತದೆ ಅನ್ನುವುದೂ ಗೊತ್ತು.

ಭಿಶಿ ಮುಳುಗಿ ಕಣ್ಣೀರು ಹಾಕಿದವರನ್ನೂ ನೋಡಿದ್ದೇನೆ. ಯಾವುದು ನಿಲ್ಲುತ್ತದೆ, ಯಾವುದು ಮುಳುಗುತ್ತದೆ, ಯಾಕೆ ಅಂತ ಹುಡುಕುವುದು ನಮ್ಮ ಕೆಲಸ. ಬ್ಯಾಡಗಿ ಮೆಣಸಿನಕಾಯಿ ವ್ಯಾಪಾರದ ಉದ್ರಿ ಬಗ್ಗೆ ನಾನು ಬರೆದ ಪೇಪರನ್ನು ಒಂದು ಜರ್ನಲ್ "ಇದು ಒಂದು ಊರಿನ ವಿಷಯ" ಅಂತ ವಾಪಸ್ ಕಳಿಸಿತು. ಸಿಲಿಕಾನ್ ವ್ಯಾಲಿ ಕೂಡ ಒಂದು ಕಡೆಯ ವಿಷಯವೇ. ಅಲ್ಲಿಯ ಲೆಕ್ಕ ಎಲ್ಲರಿಗೂ ಪಾಠವಾಗುವುದಾದರೆ ಬ್ಯಾಡಗಿಯದು ಯಾಕೆ ಆಗಬಾರದು?

1904ರಲ್ಲಿ ಸಹಕಾರಿ ಸಾಲ ಸಂಘಗಳ ಕಾಯ್ದೆ ಬಂತು. ಮರುವರ್ಷವೇ, 1905ರಲ್ಲಿ, ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ರೈತರ ಸಹಕಾರಿ ಸಂಘ ಕಟ್ಟಿದರು. ಇನ್ನೋವೇಶನ್ ಅಂದರೆ ಹೊಸ ಯಂತ್ರ ಒಂದೇ ಅಲ್ಲ. ಸಾಲ ಕೊಡುವ ಹೊಸ ದಾರಿಯೂ ಇನ್ನೋವೇಶನ್ನೇ. ಹುಬ್ಬಳ್ಳಿಯ ಸ್ಟಾರ್ಟಪ್‌ಗಳ ಬಗ್ಗೆಯೂ ಬರೆಯಬೇಕು, ಬೇಡ ಅನ್ನುತ್ತಿಲ್ಲ. ಆದರೆ ಅವುಗಳ ಮಾಹಿತಿ ಕಂಪ್ಯೂಟರಿನಲ್ಲಿ ಉಳಿಯುತ್ತದೆ. ಅಡತಿ (ದಲ್ಲಾಳಿ) ಅಂಗಡಿಯ ಕೀರ್ದಿ, ಅಂದರೆ ದಿನದ ಲೆಕ್ಕದ ಪುಸ್ತಕ, ಗೆದ್ದಲು ಹತ್ತಿ ಹೋಗುತ್ತಿದೆ.

ವಿದ್ಯಾರ್ಥಿನಿಗೆ ಇದನ್ನೆಲ್ಲ ಹೇಳಿದೆ. ಮರುದಿನ ಬಂದು, "ಸರ್, ಬೆಟಗೇರಿಯೊಳಗ ನಮ್ಮ ಅಜ್ಜಾರು ಸೀರಿ ವ್ಯಾಪಾರ ಮಾಡ್ತಿದ್ರು. ಅವರ ಖತಾವಣಿ ಅಟ್ಟದ ಮ್ಯಾಲ ಅದಾವ್ರೀ" ಅಂದಳು. ಖತಾವಣಿ ಅಂದರೆ ಒಬ್ಬೊಬ್ಬರ ಖಾತೆ ಬರೆದಿಟ್ಟ ಲೆಕ್ಕದ ಪುಸ್ತಕ. ಭಾನುವಾರ ಇಬ್ಬರೂ ನೋಡಲು ಹೋಗುತ್ತಿದ್ದೇವೆ. ನಿಮ್ಮ ಮನೆಯಲ್ಲೂ ಹಳೇ ಕೀರ್ದಿ, ಖತಾವಣಿ, ಭಿಶಿಯ ಚೀಟಿ ಇದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ. ನನಗೊಂದು ಮೆಸೇಜ್ ಮಾಡಿ. ಹಾವೇರಿ ಇರಲಿ, ರೋಣ ಇರಲಿ, ನಾನೇ ಬಂದು ನೋಡುತ್ತೇನೆ.