ಹಂಪಿನ ಮೇಲೆ ನೂರೈವತ್ತು ಕುದುರೆ

'ಅವೈಜ್ಞಾನಿಕ ಹಂಪ್' ಎಂಬ ಜೋಡಿಪದ ಇಲ್ಲದೆ ದಾವಣಗೆರೆಯ ಪತ್ರಿಕೆಗಳಿಗೆ ತಿಂಗಳು ಕಳೆಯುವುದಿಲ್ಲ. ಮತ್ತೆ ಬಂದಿದೆ. ಅದೇ ಕೋನದ ಫೋಟೊ, ಅದೇ 'ಸಾರ್ವಜನಿಕರ ಆಕ್ರೋಶ', ಅದೇ 'ಶೀಘ್ರ ತೆರವು'. ಅವೈಜ್ಞಾನಿಕ ಅಂತ ಬರೆಯುವವರು ವೈಜ್ಞಾನಿಕವಾದದ್ದನ್ನು ಎಲ್ಲೋ ನೋಡಿರಲೇಬೇಕು. ದಯವಿಟ್ಟು ವಿಳಾಸ ಕೊಡಿ. ಗಾಜಿನ ಮನೆ ನೋಡಿ ಮುಗಿಸಿದ ಮೇಲೆ ನೆಂಟರಿಗೆ ಇನ್ನೇನು ತೋರಿಸೋದು ಅನ್ನುವ ಸಂಕಟವಾದರೂ ತಪ್ಪುತ್ತದೆ.

ಈ ಸುದ್ದಿ ಓದಿದ ಪೇಪರನ್ನೇ ಮಡಚಿ ಕಂಕುಳಲ್ಲಿಟ್ಟುಕೊಂಡು ಊರಿನ ಒಂದು ವರ್ಗ ಕಾರಿನ ಶೋರೂಮಿಗೆ ಹೊರಟಿರುತ್ತದೆ. ಗಂಡ-ಹೆಂಡತಿ ಇಬ್ಬರೂ ದುಡಿಯುವವರು, ಮಗು ಒಂದು ಅಥವಾ ಇನ್ನೂ ಇಲ್ಲ, ಹಳೇ ಮಾರುತಿ ಬೇಜಾರಾಗಿದೆ. ಷರತ್ತು ಒಂದೇ: 'ದಿನಾ ಓಡಿಸೋಕೂ ಆಗಬೇಕು, ಮಜಾನೂ ಇರಬೇಕು.' ಗಂಡನಿಗೆ ಸೀಟಿನ ಮೇಲೆ ಕೆಂಪು ದಾರದ ಹೊಲಿಗೆ ಬೇಕು, ಆಟೊಮ್ಯಾಟಿಕ್ ಬೇಕು, ಸನ್‌ರೂಫ್ ಬೇಕು. ಮೇ ತಿಂಗಳಲ್ಲಿ ಈ ಊರಲ್ಲಿ ತಲೆ ಮೇಲೆ ಗಾಜು ಯಾರಿಗೆ ಬೇಕು ಅಂತ ಕೇಳುವವಳು ಹೆಂಡತಿ. ಅವಳಿಗೆ ಬೇಕಿರುವುದು ಕ್ಲಚ್ಚು, ಗೇರು ಮತ್ತು ನೆಟ್ಟಗೆ ಮಾತು ಕೇಳುವ ಸ್ಟೀರಿಂಗು. ಇಬ್ಬರಲ್ಲಿ ಕಾರಿನ ಬಗ್ಗೆ ಹೆಚ್ಚು ತಿಳಿದವರು ಯಾರು ಅಂತ ಸೇಲ್ಸ್ ಹುಡುಗನಿಗೆ ಎರಡೇ ನಿಮಿಷದಲ್ಲಿ ಗೊತ್ತಾಗುತ್ತದೆ. ಆದರೂ ಅವನು ಗಂಡನ ಮುಖ ನೋಡಿಕೊಂಡೇ ಮಾತಾಡುತ್ತಾನೆ.

ಅವರ ಮುಂದಿರುವ ಆಯ್ಕೆಗಳು ಗೊತ್ತಿದ್ದದ್ದೇ. ಹ್ಯುಂಡೈ ಐ20 ಎನ್ ಲೈನ್: 998 ಸಿಸಿ, ಮೂರು ಸಿಲಿಂಡರು, ಟರ್ಬೊ, 120 ಅಶ್ವಶಕ್ತಿ. 2024ರ ಜೂನ್‌ನಲ್ಲಿ ಟಾಟಾ ಮಾರುಕಟ್ಟೆಗೆ ಬಿಟ್ಟ ಆಲ್ಟ್ರೋಜ್ ರೇಸರ್: ಅದೂ 120, ಆರು ಗೇರಿನ ಮ್ಯಾನುವಲ್ ಮಾತ್ರ. ಸ್ವಲ್ಪ ಕೈ ಬಿಚ್ಚಿದರೆ ಫೋಕ್ಸ್‌ವ್ಯಾಗನ್ ವರ್ಟಸ್ ಜಿಟಿ: 1.5 ಲೀಟರ್, 150 ಅಶ್ವಶಕ್ತಿ, 250 ನ್ಯೂಟನ್ ಮೀಟರ್ ಟಾರ್ಕ್. ಅಪ್ಪನ ಅಡಿಕೆ ತೋಟ ಚನ್ನಗಿರಿ ಕಡೆ ಇದ್ದರೆ 2025ರಲ್ಲಿ ಬಂದ ಗಾಲ್ಫ್ ಜಿಟಿಐ ಅಂತ ಒಂದಿದೆ. 265 ಅಶ್ವಶಕ್ತಿ, ಬೆಲೆ ಐವತ್ತು ಲಕ್ಷದ ಮೇಲೆ, ಹೊಟ್ಟೆ ನೆಲದಿಂದ 136 ಮಿಲಿಮೀಟರ್ ಎತ್ತರ. ಮಸಾಲೆ ಅರೆಯುವ ಒಳಕಲ್ಲು ಅಡ್ಡ ಬಂದರೂ ದಾಟಲಾರದು.

ಐ20ಯ ಉದ್ದ 3,995 ಮಿ.ಮೀ. ನಾಲ್ಕು ಮೀಟರಿಗೆ ಐದೇ ಮಿಲಿಮೀಟರ್ ಕಮ್ಮಿ. ಇದು ಎಂಜಿನಿಯರಿನ ಕೈಚಳಕ ಅಲ್ಲ, ತೆರಿಗೆಯ ಕೈಚಳಕ. 2025ರ ಸೆಪ್ಟೆಂಬರ್ 22ರಿಂದ ನಾಲ್ಕು ಮೀಟರಿನೊಳಗಿನ, 1,200 ಸಿಸಿಯೊಳಗಿನ ಪೆಟ್ರೋಲ್ ಕಾರಿಗೆ ಶೇ 18 ಜಿಎಸ್‌ಟಿ. ಒಂದು ಗೆರೆ ದಾಟಿದರೆ ಶೇ 40. ಕಾರನ್ನು ಮಿಲಿಮೀಟರಿನಲ್ಲಿ ಅಳೆಯುವ ನಮ್ಮ ವ್ಯವಸ್ಥೆ ಹಂಪನ್ನು ಮಾತ್ರ ಗಾರೆ ಬಾಂಡ್ಲಿಯಲ್ಲಿ ಅಳೆಯುತ್ತದೆ. ಎರಡು ಬಾಂಡ್ಲಿ ಸುರಿ, ಇನ್ನೊಂದು ಉಳಿದಿದೆಯಾ, ಅದನ್ನೂ ಸುರಿ.

ಆ ವೈಜ್ಞಾನಿಕ ಹಂಪಿನ ವಿಳಾಸ ನಿಜಕ್ಕೂ ಇದೆ, ಆದರೆ ಕಾಗದದ ಮೇಲೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ 1988ರಲ್ಲೇ ತನ್ನ 99ನೇ ಸಂಖ್ಯೆಯ ಮಾರ್ಗಸೂಚಿಯಲ್ಲಿ ಬರೆದಿಟ್ಟಿದೆ: ಅಗಲ 3.7 ಮೀಟರ್, ನಡುವೆ ಎತ್ತರ 10 ಸೆಂಟಿಮೀಟರ್, ದುಂಡಗಿನ ಬೆನ್ನು, ಅದರ ತ್ರಿಜ್ಯ 17 ಮೀಟರ್. ಗಂಟೆಗೆ 25 ಕಿ.ಮೀ. ವೇಗದಲ್ಲಿ ಆರಾಮಾಗಿ ದಾಟಬಹುದು. ಅದಕ್ಕಿಂತ ಜೋರಾಗಿ ಹೋದವನಿಗೆ ಮಾತ್ರ ಸೊಂಟ ನೆನಪಾಗುತ್ತದೆ. ಇದರ ಜಾಣ್ಮೆ ಇರುವುದು ಅಗಲದಲ್ಲಿ. ಆಲ್ಟ್ರೋಜಿನ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವಿನ ಅಂತರ 2.5 ಮೀಟರ್. ಹಂಪು 3.7 ಮೀಟರ್ ಇದ್ದರೆ ನಾಲ್ಕೂ ಚಕ್ರ ಒಟ್ಟಿಗೆ ಅದರ ಬೆನ್ನೇರಿ ಕೂರುತ್ತವೆ. ಆಗ ಚಕ್ರಗಳ ನಡುವೆ ಹಂಪು ಉಬ್ಬುವುದು ಎಷ್ಟು? ಅಂತರದ ವರ್ಗವನ್ನು ತ್ರಿಜ್ಯದ ಎಂಟು ಪಟ್ಟಿನಿಂದ ಭಾಗಿಸಿ: 6.25 ಭಾಗಿಸು 136. ಸುಮಾರು 4.6 ಸೆಂಟಿಮೀಟರ್, ಅಷ್ಟೇ. ಆ ಐವತ್ತು ಲಕ್ಷದ ಗಾಲ್ಫ್ ಕೂಡ ಹೊಟ್ಟೆಯಡಿ ಎಂಟು ಸೆಂಟಿಮೀಟರ್ ಉಳಿಸಿಕೊಂಡು ದಾಟುತ್ತದೆ.

ಈಗ ನಿಮ್ಮ ಬೀದಿಗೆ ಬನ್ನಿ. ಹಂಪಿನ ಅಗಲ ಒಂದೂವರೆ ಅಡಿ, ಎತ್ತರ ಏಳೆಂಟು ಇಂಚು. ಮುಂದಿನ ಚಕ್ರ ಹತ್ತಿ ಇಳಿದಾಯ್ತು, ಹಿಂದಿನದು ಇನ್ನೂ ಆಚೆ ಇದೆ, ಹಂಪು ಸರಿಯಾಗಿ ನಡುಹೊಟ್ಟೆಯ ಕೆಳಗೆ. ಇಲ್ಲಿ ಭಾಗಾಕಾರ ಬೇಕಿಲ್ಲ, ಪೂರಾ ಎಂಟಿಂಚು ಎದ್ದು ನಿಂತಿರುತ್ತದೆ. ಆಲ್ಟ್ರೋಜ್ ರೇಸರಿನ ನೆಲದಂತರ 165 ಮಿ.ಮೀ., ಅಂದರೆ ಆರೂವರೆ ಇಂಚು. ವರ್ಟಸ್‌ಗೆ ಖಾಲಿ ಇದ್ದಾಗ 179. ಜನ, ಸಾಮಾನು ತುಂಬಿದಾಗ 145. ಅತ್ತೆ-ಮಾವ ಹಿಂದೆ ಕೂತು, ಡಿಕ್ಕಿಯಲ್ಲಿ ಹರಿಹರದಿಂದ ತಂದ ಅಕ್ಕಿ ಮೂಟೆ ಇದ್ದರೆ ಒಂದೂಕಾಲು ಇಂಚಿಗಿಂತ ಹೆಚ್ಚು ಕೆಳಗೆ ಹೋಯ್ತು. ಬ್ರೋಷರಿನ ಅಂಕಿ ಎರಡರಲ್ಲಿ ಯಾವುದು ಅಂತ ಸೇಲ್ಸ್ ಹುಡುಗನನ್ನು ಕೇಳಿ. 'ಒಳಗೆ ಕೇಳಿಕೊಂಡು ಬರ್ತೀನಿ ಸರ್' ಅಂತ ಹೋಗುತ್ತಾನೆ.

ಓರೆಯಾಗಿ ಹತ್ತಿಸಿ ಅಂತ ಎಲ್ಲರೂ ಹೇಳುತ್ತಾರೆ. ಸರಿಯಾದ ಸಲಹೆ. ಒಂದೊಂದೇ ಚಕ್ರ ಹಂಪು ಹತ್ತುವುದರಿಂದ ಒಂದೊಂದು ಮೂಲೆ ಏಳುತ್ತದೆ, ಹೊಟ್ಟೆಗೆ ಜಾಗ ಸಿಗುತ್ತದೆ. ಆದರೆ ಓರೆ ಹೋಗಲು ರಸ್ತೆಯ ಅಗಲ ಬೇಕಲ್ಲ? ಹದಡಿ ರಸ್ತೆಯಲ್ಲಿ ಸಂಜೆ ಆರಕ್ಕೆ ನೀವು ಓರೆಯಾದ ಗಳಿಗೆಯಲ್ಲೇ ಎದುರಿಂದ ಮಂಡಕ್ಕಿ ಮೂಟೆ ಹೊತ್ತ ಲಗೇಜ್ ಆಟೊ ಅದೇ ಹಂಪಿಗೆ ಓರೆಯಾಗಿ ಬಂದಿರುತ್ತದೆ. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡು ನಿಲ್ಲುತ್ತೀರಿ. ಅವನಿಗೆ ನಿಮ್ಮ ಕಷ್ಟ ಅರ್ಥವಾಗುತ್ತದೆ, ಅದಕ್ಕೇ ನಗುತ್ತಾನೆ.

ಇದಕ್ಕೆ ನಮ್ಮ ಜನ ಕಂಡುಕೊಂಡ ಪರಿಹಾರ ಸ್ಪ್ರಿಂಗಿಗೆ ಸ್ಪೇಸರ್, ಅಂದರೆ ಕಾರನ್ನು ಎತ್ತರಿಸುವ ಗಟ್ಟಿ ಬಿಲ್ಲೆ. ಕಂಪನಿ ಕಾರನ್ನು ನೆಲಕ್ಕಿಳಿಸಿದ್ದು ಯಾಕೆ? ಭಾರ ಕೆಳಗಿದ್ದರೆ ತಿರುವಿನಲ್ಲಿ ವಾಲುವುದಿಲ್ಲ ಅಂತ. ಆ ಗುಣಕ್ಕೆ ಲಕ್ಷ ಹೆಚ್ಚು ಕೊಟ್ಟು ತಂದು, ಮರುವಾರ ಅದನ್ನೇ ಇಂಚು ಮೇಲೆತ್ತಿಸಲು ಮತ್ತೆ ದುಡ್ಡು ಕೊಡುತ್ತಾರೆ. ಸ್ಪ್ರಿಂಗಿನ ತುದಿಗೆ ಸ್ಪೇಸರ್ ತುರುಕಿದರೆ ಚಕ್ರ ಕೆಳಗಿಳಿಯಲು ಇದ್ದ ಜಾಗ ಅಷ್ಟು ಕಮ್ಮಿಯಾಗುತ್ತದೆ. ಗುಂಡಿಗೆ ಇಳಿದಾಗ 'ಟಕ್' ಅಂತ ಶಾಕಬ್ಸರ್ ತುದಿ ಮುಟ್ಟುತ್ತದೆ, ಡ್ರೈವ್ ಶಾಫ್ಟಿನ ಕೋನ ಕೆಡುತ್ತದೆ, ವೀಲ್ ಅಲೈನ್‌ಮೆಂಟ್ ಮತ್ತೆ ಮಾಡಿಸಬೇಕು. ಆಮೇಲೆ ವಾರಂಟಿ ಕೇಳಲು ಹೋದರೆ ಮೊದಲು ಬಗ್ಗಿ ನೋಡುವುದೇ ಅಲ್ಲಿ. ಮದುವೆಗೆ ರೇಷ್ಮೆ ಸೀರೆ ತಂದು ಕೆಸರಾಗುತ್ತದೆ ಅಂತ ಮೊಣಕಾಲಿಗೆ ಕತ್ತರಿಸಿದ ಹಾಗೆ.

ಅಂದ ಹಾಗೆ, ತಿರುವು. ಸ್ಪೋರ್ಟಿ ಕಾರಿನ ಮಜಾ ಇರೋದೇ ತಿರುವಿನಲ್ಲಿ. ಎರೆಭೂಮಿಯಲ್ಲಿ ಹಾಸಿದ ಚಪ್ಪಟೆ ಊರು ನಮ್ಮದು. ತಿರುವು ಅಂದರೆ ಜಯದೇವ ವೃತ್ತ. ಅಲ್ಲಿ ಯಾವಾಗಲೂ ಒಂದು ಧರಣಿ.

ನೇರ ರಸ್ತೆ ಬೇಕಾದರೆ ರಾಷ್ಟ್ರೀಯ ಹೆದ್ದಾರಿ 48 ಇದೆಯಲ್ಲ, ಭಾನುವಾರ ಬೆಳಿಗ್ಗೆ ಬೆಣ್ಣೆ ದೋಸೆ ತಿಂದು ದುರ್ಗದ ಕಡೆ ಅರವತ್ತು ಕಿಲೋಮೀಟರ್. ಅಲ್ಲಿ ಕಾರಿಗೆ ಮಿತಿ 100. ಗಾಲ್ಫ್ ಆ ವೇಗವನ್ನು ಆರು ಸೆಕೆಂಡಿನೊಳಗೆ ಮುಟ್ಟುತ್ತದೆ, ಅಲ್ಲಿಗೆ ಅದರ ಮಜಾ ಮುಗಿಯಿತು. ಉಳಿದ ದಾರಿಯುದ್ದಕ್ಕೂ ಹೆಬ್ಬಾಳು ಟೋಲಿನವರೆಗೆ ಮೆಕ್ಕೆಜೋಳದ ಟ್ರ್ಯಾಕ್ಟರ್ ಬಲಗಡೆ ಲೇನಿನಲ್ಲಿ, ನೀವು ಅದರ ಹಿಂದೆ.

ಆ ಮೆಕ್ಕೆಜೋಳವನ್ನು ಹೀಗೇ ಬಿಡಲಾಗದು. ಈಗ ಬಂಕಿನಲ್ಲಿ ಸಿಗುವುದು ಇ20, ಅಂದರೆ ಐದರಲ್ಲಿ ಒಂದು ಪಾಲು ಎಥೆನಾಲ್. ಒಂದು ಟನ್ ಮೆಕ್ಕೆಜೋಳದಿಂದ ಬರುವುದು ಸುಮಾರು 380 ಲೀಟರ್. ಐ20ಯ ಟ್ಯಾಂಕ್ 37 ಲೀಟರ್. ತುಂಬಿಸಿದರೆ ಏಳು ಚಿಲ್ಲರೆ ಲೀಟರ್ ಎಥೆನಾಲ್, ಜೋಳದ ಲೆಕ್ಕದಲ್ಲಿ ಹತ್ತಿರ ಹತ್ತಿರ ಇಪ್ಪತ್ತು ಕಿಲೋ. ಎಥೆನಾಲಿನಲ್ಲಿ ಪೆಟ್ರೋಲಿಗಿಂತ ಮೂರನೇ ಒಂದು ಪಾಲು ಶಕ್ತಿ ಕಮ್ಮಿ, ಆದ್ದರಿಂದ ಮೈಲೇಜೂ ಕಮ್ಮಿ. ಆಕ್ಟೇನ್ ಮಾತ್ರ ಹೆಚ್ಚು. ಟರ್ಬೊ ಎಂಜಿನ್ನಿಗೆ ಅದರಿಂದ ತೊಂದರೆಯಿಲ್ಲ. ಜಗಳೂರಿನ ರೈತ 2025-26ರಲ್ಲಿ ಕ್ವಿಂಟಲಿಗೆ ಬೆಂಬಲ ಬೆಲೆ 2,400 ರೂಪಾಯಿ ಅಂತ ಪೇಪರಿನಲ್ಲಿ ಓದಿ, ಮಂಡಿಯಲ್ಲಿ ಅದಕ್ಕಿಂತ ಕೆಳಗೆ ಕೂಗಿದ್ದಕ್ಕೆ ಕೊಟ್ಟು ಬಂದಿರುತ್ತಾನೆ. ಅವನ ಜೋಳ ನಿಮ್ಮ ಟ್ಯಾಂಕಿನಲ್ಲೂ ಇದೆ, ನಿಮ್ಮ ಮುಂದಿನ ಟ್ರ್ಯಾಕ್ಟರಿನಲ್ಲೂ ಇದೆ. ಹಾರ್ನ್ ಹೊಡೆಯಬೇಡಿ.

ಗಂಡನ ಆಟೊಮ್ಯಾಟಿಕ್ಕಿಗೆ ಬರೋಣ. ವರ್ಟಸ್ ಜಿಟಿಯ ಡಿಎಸ್‌ಜಿ ಅನ್ನುವ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಅದ್ಭುತ ಯಂತ್ರ, ತಮಾಷೆಯಲ್ಲ. ಒಳಗೆ ಎರಡು ಕ್ಲಚ್: ಒಂದಕ್ಕೆ 1, 3, 5, 7ನೇ ಗೇರು, ಇನ್ನೊಂದಕ್ಕೆ 2, 4, 6. ಒಂದು ಓಡುತ್ತಿರುವಾಗಲೇ ಮುಂದಿನದು ತಯಾರಾಗಿರುತ್ತದೆ. ಎರಡೂ ಒಣ ಕ್ಲಚ್ಚುಗಳು, ಎಣ್ಣೆಯ ಸ್ನಾನ ಇಲ್ಲ, ತಂಪಾಗಲು ಗಾಳಿಯೇ ಗತಿ. ಪೂರ್ತಿ ಕಚ್ಚಿ ಓಡುವಾಗ ತೊಂದರೆಯಿಲ್ಲ. ಅಶೋಕ ರಸ್ತೆಯ ನೂಕುನುಗ್ಗಲಲ್ಲಿ ಗೇಣು ಗೇಣು ಸರಿಯುವಾಗ, ಹಂಪಿನ ಮುಂದೆ ತೆವಳುವಾಗ, ಮೊದಲ ಗೇರಿನ ಕ್ಲಚ್ ಅರ್ಧ ಕಚ್ಚಿ ಉಜ್ಜುತ್ತಲೇ ಇರುತ್ತದೆ. ಬಿಸಿ ಏರಿ, ನಡುಕ ಬಂದು, ಕೊನೆಗೆ ಪರದೆ ಮೇಲೆ ಎಚ್ಚರಿಕೆ. ಮುಂದಿನ ವಾಹನ ಎರಡು ಕಾರಿನಷ್ಟು ಸರಿಯುವವರೆಗೆ ಬ್ರೇಕ್ ಪೂರ್ತಿ ಒತ್ತಿ ನಿಲ್ಲಿ, ಏರಿನಲ್ಲಿ ಆಕ್ಸಿಲರೇಟರಿನಿಂದ ಕಾರನ್ನು ತಡೆಹಿಡಿಯಬೇಡಿ. ಸರಿಯಾದ ವಿಧಾನ ಇದೇ. ಆದರೆ ಎರಡು ಕಾರಿನಷ್ಟು ಜಾಗ ಬಿಟ್ಟರೆ ಅಲ್ಲಿ ಮೂರು ಸ್ಕೂಟರು, ಒಂದು ತಳ್ಳುಗಾಡಿ, ಒಂದು ಹಸು.

ಹೆಂಡತಿಯ ಮ್ಯಾನುವಲ್ಲಿನಲ್ಲೂ ಹಂಪಿಗೊಮ್ಮೆ ಅರ್ಧ ಕ್ಲಚ್. ಆದರೆ ಸವೆದರೆ ಬದಲಿಸಲು ಖರ್ಚು ಕಡಿಮೆ, ಕೈ ಪಳಗಿದ ಮೆಕಾನಿಕ್ಕು ಊರಲ್ಲೇ ಇದ್ದಾನೆ. ಈ ಒಂದು ಅಂಶದಲ್ಲಿ ಅವಳೇ ಸರಿ. ಇನ್ನೊಂದೂ ಇದೆ: ಪಿ.ಜೆ. ಬಡಾವಣೆಯಿಂದ ಕಚೇರಿಗೆ ಎರಡೋ ಮೂರೋ ಕಿಲೋಮೀಟರ್. ನೇರ ಇಂಜೆಕ್ಷನ್ನಿನ ಟರ್ಬೊ ಎಂಜಿನ್ನಿನ ಆಯಿಲ್ ಸರಿಯಾಗಿ ಬಿಸಿಯಾಗುವ ಮೊದಲೇ ಕಚೇರಿ ಬಂದಿರುತ್ತದೆ. ಸುಡದ ಪೆಟ್ರೋಲು, ನೀರಾವಿ ಆಯಿಲಿಗೆ ಸೇರುತ್ತವೆ, ಇನ್‌ಟೇಕ್ ವಾಲ್ವಿಗೆ ಮಸಿ ಹಿಡಿಯುತ್ತದೆ. ವಾರಕ್ಕೊಮ್ಮೆ ಅರ್ಧ ಗಂಟೆ ಹೆದ್ದಾರಿಯಲ್ಲಿ ಓಡಿಸಿ, ಆಯಿಲನ್ನು ಕಿಲೋಮೀಟರಿಗೆ ಕಾಯದೆ ವರ್ಷಕ್ಕೊಮ್ಮೆ ಬದಲಿಸಿ. ದೊಡ್ಡ ಅಲಾಯ್ ಹಾಕಿಸುವ ಆಸೆಯಿದ್ದರೆ ಮೊದಲು ಲೆಕ್ಕ ಮಾಡಿ: 195/55ರ ಟೈರಿನ (ಅಗಲ 195 ಮಿ.ಮೀ., ಪಕ್ಕೆ ಅದರ ಶೇ 55) ಪಕ್ಕೆ 107 ಮಿ.ಮೀ., 215/45 ಆದರೆ 97. ಗುಂಡಿಗೂ ರಿಮ್ಮಿಗೂ ನಡುವಿನ ಮೆತ್ತೆಯಲ್ಲಿ ಒಂದು ಸೆಂಟಿಮೀಟರ್ ಹೋಯ್ತು.

ಹೀಗೆ ಅಳೆದು ಸುರಿದು ಕೊನೆಗೆ ಇಬ್ಬರೂ ಎತ್ತರದ ಎಸ್‌ಯುವಿ ತಂದು ನಿಲ್ಲಿಸುತ್ತಾರೆ. ಈ ಊರಿನಲ್ಲಿ ಎಸ್‌ಯುವಿ ಮಾರುತ್ತಿರುವವನು ಶೋರೂಮಿನ ಹುಡುಗನಲ್ಲ, ಹಂಪು ಹಾಕಿದ ಗುತ್ತಿಗೆದಾರ. ಅವನಿಗೆ ಕಮಿಷನ್ ಬರಬೇಕು. ಬರುತ್ತಿಲ್ಲ ಅಂತ ನಾನು ಹೇಳಲಿಲ್ಲ.

ತಮಾಷೆ ಸಾಕು. ಕಾರಿನ ಹೊಟ್ಟೆ ಉಜ್ಜಿದರೆ ಒಂದು ತಗಡು ಹೋಗುತ್ತದೆ. ರಾತ್ರಿ ಹೊತ್ತು, ಬೀದಿ ದೀಪ ಇಲ್ಲದ ಕಡೆ, ಬಣ್ಣ ಇಲ್ಲದ, ಫಲಕ ಇಲ್ಲದ ಅದೇ ಎಂಟಿಂಚಿನ ಮೇಲೆ ಸ್ಕೂಟರಿನ ಹಿಂದೆ ಒಂದೇ ಕಡೆ ಕಾಲು ಹಾಕಿ ಕೂತ ಹೆಂಗಸು ಎಗರಿ ಬೀಳುತ್ತಾಳೆ. ತಲೆಗೆ ಪೆಟ್ಟು. ಮರುದಿನ ಅದೇ ಫೋಟೊ, ಅದೇ 'ಶೀಘ್ರ ತೆರವು'. ಹದಿನೈದು ಲಕ್ಷದ ಕಾರಿಗೆ ಶೇ 17ರಂತೆ ಎರಡೂವರೆ ಲಕ್ಷ ರಸ್ತೆ ತೆರಿಗೆ ಒಂದೇ ಕಂತಿನಲ್ಲಿ ಎಣಿಸಿಕೊಳ್ಳುವ ಸರ್ಕಾರ, 2016ರ ಮೊದಲ ಪಟ್ಟಿಯಲ್ಲೇ ಸ್ಮಾರ್ಟ್ ಸಿಟಿ ಅನ್ನಿಸಿಕೊಂಡ ಊರು. ಆದರೂ ಒಂದು ಡಬ್ಬಿ ಬಿಳಿ ಬಣ್ಣ ಇಲ್ಲ. 1988ರಿಂದ ಮಾರ್ಗಸೂಚಿ ಇದೆ. ಓದಲು ಬರುವವರು ಯಾರೂ ಇಲ್ಲವೇ?

ಇರಲಿ. ಇನ್ನೂ ಆಸೆ ಬಿಡದ ದಂಪತಿಗೆ ಒಂದು ಕೆಲಸ. ಶೋರೂಮಿನವರು ಟೆಸ್ಟ್ ಡ್ರೈವಿಗೆ ನುಣ್ಣನೆಯ ರಸ್ತೆಗೇ ಕರೆದೊಯ್ಯುತ್ತಾರೆ, ಒಪ್ಪಬೇಡಿ. ನಾಲ್ಕು ಜನ ಕೂತು, ನಿಮ್ಮ ಬೀದಿಗೇ ತರಿಸಿ. ಚರಂಡಿ ಮೇಲೆ ಹಾಸಿದ ನಿಮ್ಮ ಮನೆಯ ಇಳಿಜಾರು ಕಲ್ಲಿಗೂ ಒಮ್ಮೆ ಹತ್ತಿಸಿ, ಮುಂದಿನ ಬಂಪರಿನ ತುಟಿ ತಾಗುವುದು ಅಲ್ಲೇ. ಅದಕ್ಕೂ ಮೊದಲು ಬೆಳಿಗ್ಗೆ ಆರಕ್ಕೆ, ಗಾಡಿ ಓಡಾಡದ ಹೊತ್ತಿನಲ್ಲಿ, ಹಂಪಿನ ಮೇಲೆ ಅಡ್ಡಲಾಗಿ ಒಂದು ನೆಟ್ಟನೆಯ ಕೋಲು ಹಿಡಿದು, ತುದಿಯಲ್ಲಿ ಮಗುವಿನ ಸ್ಕೇಲ್ ನಿಲ್ಲಿಸಿ ಎತ್ತರ ಬರೆದುಕೊಳ್ಳಿ. ಹೆಂಡತಿ ಬಗ್ಗಿ ಅಳೆಯುತ್ತಿರಬೇಕು, ಗಂಡ ಮೊಬೈಲಿನಲ್ಲಿ ಬರೆದುಕೊಳ್ಳುತ್ತಿರಬೇಕು. ಆಗ ಎದುರುಮನೆಯ ಯಜಮಾನರು ಹಾಲಿನ ಪ್ಯಾಕೆಟ್ ಹಿಡಿದುಕೊಂಡೇ ಓಡಿ ಬರುತ್ತಾರೆ.

'ಕಾರ್ಪೊರೇಷನ್ನಿಂದ ಬಂದ್ರೇನ್ರಿ ಮೇಡಂ? ನಮ್ಮನೆ ಮುಂದೂ ಒಂದು ಹಾಕ್ಸಿಬಿಡ್ರಿ. ಸ್ವಲ್ಪ ಎತ್ತರಕ್ಕೇ ಇರ್ಲಿ.'